ಮೂರು ತಂದರೆ ಮುಕ್ಕಾಲು

ಭಾನುವಾರ ಬೆಂಗಳೂರಿನ ಎಸ್.ಪಿ. ರಸ್ತೆಯ ನೂಕುನುಗ್ಗಲಿನಲ್ಲಿ ಬೆವರಿಳಿಸಿ, ಚೌಕಾಸಿ ಮಾಡಿ, ಮೂರು ಟಿಬಿಯ, ಅಂದರೆ ಮೂರು ಸಾವಿರ ಜಿಬಿಯ, ಹಾರ್ಡ್ ಡಿಸ್ಕ್ ತಂದೆ. ಮನೆಯ ಹಳೆಯ ಡೆಸ್ಕ್‌ಟಾಪಿಗೆ ಸಿಕ್ಕಿಸಿದರೆ ಪರದೆಯ ಮೇಲೆ 746 ಜಿಬಿ. ಕನ್ನಡಕ ಒರೆಸಿಕೊಂಡು ನೋಡಿದೆ, ಆಗಲೂ 746. ಮೂರು ಕೆಜಿ ತೊಗರಿಬೇಳೆಗೆ ದುಡ್ಡು ಎಣಿಸಿ ಮುಕ್ಕಾಲು ಕೆಜಿ ಪೊಟ್ಟಣ ಹಿಡಿದು ಬಂದ ಹಾಗಾಯಿತು. ಅಂಗಡಿಯವನಿಗೆ ಫೋನ್ ಮಾಡಿದೆ. "ಡಿಸ್ಕ್ ಸರಿಯಾಗಿದೆ ಸಾರ್, ನಿಮ್ಮದಕ್ಕೆ ವಯಸ್ಸಾಗಿದೆ" ಎಂದ. ಯಾವುದಕ್ಕೆ ಎಂದು ಬಿಡಿಸಿ ಹೇಳಲಿಲ್ಲ.

ಊಟಕ್ಕೆಂದು ಬಂದಿದ್ದ ಭಾವ ಪಂಚೆ ಎತ್ತಿ ಕಟ್ಟಿದರು. ಜಗತ್ತಿನ ಸಕಲ ಯಂತ್ರಗಳಿಗೂ ಬರುವ ರೋಗ ಧೂಳೊಂದೇ, ಅದಕ್ಕೆ ಮದ್ದು ಊದುವುದೊಂದೇ ಎಂಬುದು ಅವರ ನಂಬಿಕೆ. ರಿಮೋಟಿನ ಸೆಲ್ ತೆಗೆದು ಊದುತ್ತಾರೆ. ಎಟಿಎಂನಲ್ಲಿ ಹಣ ಬರದಿದ್ದರೆ ಕಾರ್ಡನ್ನು ಊದುತ್ತಾರೆ. ಗ್ಯಾಸ್ ಒಲೆಯ ಬರ್ನರನ್ನು ನಾದಸ್ವರದಂತೆ ಎತ್ತಿ ಹಿಡಿದು ಊದಿದ್ದನ್ನು ನಾನೇ ಕಂಡಿದ್ದೇನೆ.

"ಭಾವ, ಇದು ಈಗಷ್ಟೇ ಕವರ್ ಹರಿದು ತೆಗೆದದ್ದು" ಎಂದೆ.

"ಗೋದಾಮಿನ ಧೂಳು ಇನ್ನೂ ಕೆಟ್ಟದ್ದು" ಎಂದರು. ಕೇಬಲ್ಲಿನ ಒಂದು ತುದಿ ಊದಿದರು. 746. ಇನ್ನೊಂದು ತುದಿ ಊದಿದರು. 746. ಕೊನೆಗೆ ಕಣ್ಣು ಮುಚ್ಚಿ, ಎದೆಯುಬ್ಬಿಸಿ, ಕ್ಯಾಬಿನೆಟ್ಟಿನ ಒಳಕ್ಕೇ ಊದಿಬಿಟ್ಟರು. ಹದಿನಾಲ್ಕು ವರ್ಷ ಯಾರ ಗೊಡವೆಗೂ ಹೋಗದೆ ಮಲಗಿದ್ದ ಧೂಳು ಎದ್ದು, ಹಜಾರಕ್ಕೆ ಒಂದು ಸುತ್ತು ಹಾಕಿ, ಬಡಿಸಿಟ್ಟಿದ್ದ ಮೊಸರನ್ನದ ಮೇಲೆ ಇಳಿಯಿತು. ಹೆಂಡತಿ ತುಟಿ ಬಿಚ್ಚಲಿಲ್ಲ, ಅವಳ ಅಣ್ಣನಲ್ಲವೇ. ಅದೇ ನಾನು ಊದಿದ್ದರೆ!

ಎಡವಟ್ಟು ಇದ್ದದ್ದು ಎಣಿಕೆಯಲ್ಲಿ. ಡಿಸ್ಕಿನ ಜಾಗವನ್ನು 512 ಬೈಟ್‌ಗಳ ತುಂಡುಗಳಲ್ಲಿ ಎಣಿಸುವ ಹಳೆಯ ಡ್ರೈವರ್ ತಂತ್ರಾಂಶಕ್ಕೆ ಲೆಕ್ಕ ಬರೆಯಲು ಇರುವುದು 32 ಬಿಟ್‌ಗಳು, ಅಂದರೆ 32 ಅಂಕಿಗಳ ಜಾಗ ಮಾತ್ರ. 2048 ಜಿಬಿ ಮುಟ್ಟಿದೊಡನೆ, ಸ್ಕೂಟರಿನ ಮೀಟರ್ 99999 ದಾಟಿ ಸೊನ್ನೆಗೆ ಬರುವಂತೆ, ಮತ್ತೆ ಒಂದರಿಂದ ಶುರು ಮಾಡುತ್ತದೆ. ಮಿಕ್ಕಿದ್ದೇ ಆ 746. ಹಿಂದೆ 528 ಎಂಬಿ, 8.4 ಜಿಬಿ, 137 ಜಿಬಿ ಎಂದು ಇಂಥದೇ ಗೋಡೆಗಳಿದ್ದವು. ಪ್ರತಿ ಸಲವೂ ಇಷ್ಟು ಧಾರಾಳವಾಯಿತು ಎಂದುಕೊಂಡೇ ಕಟ್ಟಿದ್ದು. 2001ರಲ್ಲಿ 40 ಜಿಬಿ ಡಿಸ್ಕ್ ಕಂಡು ನನ್ನ ಆಗಿನ ಕಂಪ್ಯೂಟರ್ ಮೂರ್ಛೆ ಹೋದಾಗ, ಅಕ್ಕಿಕಾಳಿನಷ್ಟು 'ಜಂಪರ್' ಎಂಬ ಕೊಂಡಿ ಸಿಕ್ಕಿಸಿ ಡಿಸ್ಕಿನ ಬಾಯಲ್ಲಿ 32 ಎಂದು ಸುಳ್ಳು ಹೇಳಿಸಿದ್ದೆ.

ಈ ಡಬ್ಬ ಬಿಸಾಡಿ ಹೊಸದು ತರಬಾರದೇ ಎನ್ನುತ್ತೀರಿ. ಅಪ್ಪ ಹಳೆಯ 'ನುಡಿ' ತಂತ್ರಾಂಶದಲ್ಲಿ ಕನ್ನಡ ಬೆರಳಚ್ಚಿಸಿದ ಕಡತಗಳು ಇದರಲ್ಲಿವೆ. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಕಾಗೆ ಕಾಲು, ಗುಬ್ಬಿ ಕಾಲು. ಫಾಂಟ್ ಹಾಕಿಕೊಂಡರೆ ಸರಿಹೋಗುತ್ತದೆ, ಗೊತ್ತು. ಆದರೆ ಒತ್ತಕ್ಷರಕ್ಕೆ ಬಳಸುವ ಎಫ್ ಕೀಲಿಯ ಮೇಲೆ ಅಪ್ಪ ಅಂಟಿಸಿದ 'ಒತ್ತು' ಎಂಬ ಚೀಟಿ ಈ ಕೀಲಿಮಣೆಯಲ್ಲಿ ಮಾತ್ರ ಇದೆ. ಕಡೆಯ ಕಾಗದ "ತೀರ್ಥರೂಪ ಅಣ್ಣನವರಿಗೆ" ಎಂಬಲ್ಲಿಗೇ ನಿಂತಿದೆ. ಅಪ್ಪನದೆಲ್ಲ ಸೇರಿದರೂ 11 ಎಂಬಿ.

ರಾತ್ರಿ ಹೊಸ ಡ್ರೈವರ್ ಹುಡುಕಿ ಹಾಕಿ, ಡಿಸ್ಕನ್ನು ದೊಡ್ಡ ಜಾಗವನ್ನೂ ಎಣಿಸಬಲ್ಲ 'ಜಿಪಿಟಿ' ಎಂಬ ವಿಭಜನೆಯ ಪದ್ಧತಿಗೆ ಬದಲಿಸಿ, ರೀಸ್ಟಾರ್ಟ್ ಒತ್ತುವಷ್ಟರಲ್ಲಿ, ಎಲೆಯಡಿಕೆ ಮುಗಿಸಿ ಬಂದ ಭಾವ ಬಗ್ಗಿ "ಉಫ್" ಎಂದರು. ಪರದೆ ಬೆಳಗಿತು: 2794 ಜಿಬಿ. ಮೂರು ಸಾವಿರಕ್ಕೆ ಇನ್ನೂ ಇನ್ನೂರು ಚಿಲ್ಲರೆ ಕಡಿಮೆ. ಡಿಸ್ಕ್ ಮಾಡುವವರದು ಸಾವಿರದ ಲೆಕ್ಕ, ಕಂಪ್ಯೂಟರಿನದು 1024ರ ಲೆಕ್ಕ. ಆ ಜಗಳ ಇನ್ನೊಂದು ದಿನಕ್ಕಿರಲಿ.

"ನಾನು ಆಗಲೇ ಹೇಳಲಿಲ್ಲವೇ?" ಎಂದರು ಭಾವ, ಮೀಸೆಯ ಧೂಳು ಕೊಡವಿಕೊಳ್ಳುತ್ತಾ.

ಇವತ್ತು ಬೆಳಿಗ್ಗೆ ಎದುರುಮನೆಯವರು ಬಂದಿದ್ದರು. ಅವರ ಲ್ಯಾಪ್‌ಟಾಪ್ ಕೆಟ್ಟಿದೆಯಂತೆ, ಭಾವನವರ ನಂಬರ್ ಬೇಕಂತೆ.