ಬೋಸಿ ದೀಪ

ಧನುರ್ಮಾಸದಲ್ಲಿ ಚಿಕ್ಕಬಳ್ಳಾಪುರದ ಕಡೆ ಬೆಳಗಿನ ಜಾವ ಕಾರು ಓಡಿಸುವವರು ಎರಡು ಥರ. ನಂದಿಬೆಟ್ಟದ ಮೇಲೆ ಮೋಡ ನೋಡಲು ಬೆಂಗಳೂರಿನಿಂದ ಬರುವವರು, ಬೆಟ್ಟದ ಬುಡದ ಭೋಗನಂದೀಶ್ವರನಿಗೆ ಕೈಮುಗಿಯಲು ಹೋಗುವವರು. ನಾನು ಎರಡನೆಯವನು, ಅದೂ ಹೆಂಡತಿಯ ಬಲವಂತಕ್ಕೆ.

ಕೀಲಿ ತಿರುಗಿಸಿದರೆ ಸ್ಟೇರಿಂಗ್ ಹಿಂದಿನ ಫಲಕದ ಎಲ್ಲ ದೀಪಗಳೂ ಒಮ್ಮೆ ಹತ್ತಿ ಆರುತ್ತವೆ. ಮೇಷ್ಟ್ರು ಹಾಜರಿ ಕೂಗಿದ ಹಾಗೆ. ಅವತ್ತು ಹಳದಿಯದೊಂದು ಆರಲೇ ಇಲ್ಲ.

"ಬೋಸಿಯೊಳಗೆ ಮುದ್ದೆಕೋಲು ನಿಲ್ಲಿಸಿದಾರಲ್ರೀ" ಅಂದಳು.

ಕಾರು ಮಾಡಿದವರ ಪ್ರಕಾರ ಅದು ಟೈರನ್ನು ಅಡ್ಡ ಕೊಯ್ದ ಚಿತ್ರ, ನಡುವೆ ಆಶ್ಚರ್ಯಸೂಚಕ ಚಿಹ್ನೆ; ಟೈರಿನಲ್ಲಿ ಗಾಳಿ ಕಡಿಮೆ ಅಂತ ಅರ್ಥ. ಟೈರು ಕೊಯ್ದು ನೋಡಿದವರು ಎಷ್ಟು ಜನರಿದ್ದಾರೋ, ಬೋಸಿ ನೋಡದವರಂತೂ ಈ ಸೀಮೆಯಲ್ಲಿಲ್ಲ. ಪಕ್ಕದ ಮನೆಯವರ ಡೀಸೆಲ್ ಗಾಡಿಯಲ್ಲಿ ಜಿಲೇಬಿಯಂಥದ್ದೊಂದು ಬರುತ್ತೆ. ಒಳಗಿನ ಹೀಟರ್ ಪ್ಲಗ್ ಕಾದು ಜಿಲೇಬಿ ಆರಿದ ಮೇಲೇ ಅವರು ಸೆಲ್ಫ್ ಹೊಡೆಯೋದು.

ಕೆಂಪು ದೀಪವಾಗಿದ್ದರೆ ಅಲ್ಲೇ ನಿಲ್ಲಿಸುತ್ತಿದ್ದೆ. ಹಳದಿ ತಾನೇ ಅಂತ ಮಂಜಿನಲ್ಲಿ ನಿಧಾನಕ್ಕೆ ಹೋಗಿ, ಹುಗ್ಗಿ ಪ್ರಸಾದ ತಿಂದು, ಬರುವಾಗ ಪಂಕ್ಚರ್ ಅಂಗಡಿ ಮುಂದೆ ನಿಲ್ಲಿಸಿದೆ. ಮಂಕಿಕ್ಯಾಪ್ ಹಾಕಿಕೊಂಡು ಬೆಂಕಿ ಕಾಯಿಸುತ್ತಿದ್ದವನು ನಾಲ್ಕೂ ಟೈರು ನೋಡಿದ.

"ಪಂಕ್ಚರ್ ಏನೂ ಇಲ್ಲ ಸಾ. ಚಳಿಗೆ ಗಾಳಿ ಮುದುರ್ಕಂಡೈತೆ."

ಭೌತಶಾಸ್ತ್ರದ ಮೇಷ್ಟ್ರು ಅರ್ಧ ಗಂಟೆ ಹೇಳಿದ್ದನ್ನು ಇವನು ಮೂರು ಮಾತಿನಲ್ಲಿ ಮುಗಿಸಿದ. ಐದಾರು ಡಿಗ್ರಿ ಸೆಲ್ಸಿಯಸ್ ಇಳಿದರೆ ಕಾರಿನ ಟೈರಿನಲ್ಲಿ ಗಾಳಿಯ ಒತ್ತಡ ಸುಮಾರು ಒಂದು ಪಿಎಸ್‌ಐ (ಪಂಕ್ಚರ್ ಅಂಗಡಿಯ ಮೀಟರಿನ ಅಳತೆ) ಇಳಿಯುತ್ತೆ. ಆಯುಧಪೂಜೆಗೆ ಬಿಸಿಲಲ್ಲಿ 33 ಹೊಡೆಸಿದ್ದು. ತಿಂಗಳು ತಿಂಗಳೂ ತಾನಾಗಿ ಸೋರಿದ್ದು ಒಂದಿಷ್ಟು, ಇರುಳ ಚಳಿ ಕಿತ್ತುಕೊಂಡದ್ದು ಒಂದಿಷ್ಟು. ಮೀಟರಿನಲ್ಲಿ 24 ತೋರಿಸಿತು. ತಪ್ಪು ಚಳಿಯದಲ್ಲ, ನಡುವೆ ಒಂದು ಸಲವೂ ಗಾಳಿ ನೋಡದ ನನ್ನದು. ಇದನ್ನು ಹೆಂಡತಿಗೆ ಹೇಳಲು ಹೋಗಲಿಲ್ಲ.

ಸಂಜೆ ಅಕ್ಕನ ಮಗ ಅಮೆರಿಕದ ಮಿನೆಸೋಟಾದಿಂದ ಫೋನ್ ಮಾಡಿದ. ಅಲ್ಲಿ ಮೈನಸ್ ಇಪ್ಪತ್ತಂತೆ. ನಮ್ಮ ಚಳಿಯ ಕಥೆ ಹೇಳಲು ನಾಚಿಕೆಯಾಯಿತು. ಅವನ ಕಾರಿನಲ್ಲಿ ಹಿಮದ ಹೂವಿನ ದೀಪವೇ ಇದೆ. ಸೊನ್ನೆಗೆ ಇನ್ನೂ ಮೂರು ನಾಲ್ಕು ಡಿಗ್ರಿ ಇರುವಾಗಲೇ ಹತ್ತುತ್ತೆ, ಯಾಕಂದರೆ ಕೆಳಗಿನಿಂದಲೂ ಗಾಳಿಯಾಡುವ ಸೇತುವೆ ಉಳಿದ ರಸ್ತೆಗಿಂತ ಮೊದಲೇ ಹೆಪ್ಪುಗಟ್ಟಿರಬಹುದು. ಇನ್ನೊಂದು, ಕಾರಿನ ಹಿಂದೆ ಹಾವು ಹರಿದಂಥ ಎರಡು ಗೆರೆ. ಅದು ಮಿಣುಕಿದರೆ ಕೆಟ್ಟಿದೆ ಅಂತಲ್ಲ, ಜಾರುವ ಚಕ್ರವನ್ನು ಕಾರು ತಾನೇ ಹಿಡಿದು ನಿಲ್ಲಿಸುತ್ತಿದೆ ಅಂತ. ಮಿಣುಕದೆ ಸುಮ್ಮನೆ ಉರಿಯುತ್ತಲೇ ಇದ್ದರೆ ಮೆಕ್ಯಾನಿಕ್ ಹತ್ತಿರ ಹೋಗಬೇಕು.

"ನಿಮ್ಮ ಕಾರಲ್ಲಿ ಏನು ಬಂತು ಮಾವ?"

"ಬೋಸಿ, ಮುದ್ದೆಕೋಲು."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ಅವರೆಕಾಯಿ ಬಂದಿರಬೇಕಲ್ವಾ ಅಲ್ಲಿ?" ಅಂದ.