ಕರೀ ಚಸ್ಮಾ

ಬಾಗಲಕೋಟೆಯ ಊರೊಳಗಿಂದ ನವನಗರಕ್ಕೆ ರಾತ್ರಿ ಸ್ಕೂಟರ್ ಮೇಲೆ ಹೋಗುವವರಿಗೆ ನನ್ನ ಸಿಟ್ಟು ಅರ್ಥವಾಗುತ್ತದೆ. ಎದುರಿನ ಬೈಕಿಗೆ ಕಂಪನಿಯವರು ಕೊಟ್ಟ ದೀಪ ಸಾಲದೆ, ಬಗಲಿಗೆ ಇನ್ನೆರಡು ಬಿಳಿ ಎಲ್‌ಇಡಿ. ಡಿಪ್ ಮಾಡುವುದು ಅಂತ ಒಂದಿದೆ ಎಂದು ಈ ಪುಣ್ಯಾತ್ಮರಿಗೆ ಯಾರೂ ಹೇಳಿಲ್ಲ. ಬೆಳಕು ಬಿದ್ದರೆ ಕಣ್ಣಪಾಪೆ ಸೆಕೆಂಡಿನೊಳಗೇ ಮುದುಡುತ್ತದೆ, ಅರಳಲಿಕ್ಕೆ ಮಾತ್ರ ಸಾವಕಾಶ. ನೀಲಿ ಬೆರೆತ ಪ್ರಖರ ಬೆಳಕಾದರಂತೂ ಅದು ಹೋದ ಮೇಲೂ ಕೆಲಹೊತ್ತು ಮುದುಡಿಕೊಂಡೇ ಇರುತ್ತದೆ. ಕೆಂಪಿಗೆ ಅಷ್ಟು ಹಟವಿಲ್ಲ. ಆ ಹೊತ್ತಿನಲ್ಲಿ ಮುಂದೆ ತಗ್ಗಿದೆಯೋ ಎಮ್ಮೆ ಮಲಗಿದೆಯೋ ಯಾರಿಗೆ ಗೊತ್ತು. ದೀಪ ಹಾಕಿಸಿದವನನ್ನೇ ಒಂದಿಡೀ ರಾತ್ರಿ ಅದರ ಎದುರು ಕೂಡಿಸಬೇಕು.

ಬೆಳಕಿಗೆ ಮುದುಡುವುದು ಸರಿ, ಮನಸ್ಸಿಗೆ ಹಿಡಿಸಿದ್ದನ್ನು ಕಂಡರೆ ಅರಳುವುದ್ಯಾಕೆ? ಅದನ್ನು ಬರೆಯೋಣವೆಂದು ಕೂತರೆ ಚಿಗವ್ವ ಅಡ್ಡ ಬಂದಳು.

ಪೊರೆ ಆಪರೇಷನ್ ಆದಾಗ ಚಿಗವ್ವನಿಗೆ ಕರೀ ಚಸ್ಮಾ ಕೊಟ್ಟಿದ್ದರು. ಕಣ್ಣು ನೆಟ್ಟಗಾದ ಮೇಲೂ ಅವಳು ಅದನ್ನು ಬಿಡಲಿಲ್ಲ, ಸೀರೆ ಖರೀದಿಗೆಂದೇ ಇಟ್ಟುಕೊಂಡಳು. "ಅಂಗಡಿಯಾಂವ ಸೀರಿ ನೋಡಂಗಿಲ್ಲೋ ತಮ್ಮಾ, ನಮ್ಮ ಕಣ್ಣ ನೋಡ್ತಾನ. ಕಣ್ಣ ಅರಳಿತೋ, ರೇಟ ಏರಿತು!"

ಇಳಕಲ್ಲಿನ ಅಂಗಡಿಯಲ್ಲಿ ಗಾದಿಯ ಮೇಲೆ ಅವಳು ಕೂತ ಠೀವಿ ನೋಡಬೇಕಿತ್ತು. ಅವನು ಕೆಂಪು ಟೋಪ ತೆನಿ ಸೆರಗು ಹರವಿ, "ಇದರಾಗ ಕಸೂತಿ ನೋಡ್ರಿ ಅವ್ವಾರ" ಅನ್ನುತ್ತಾನೆ. ಚಿಗವ್ವ ಅಲ್ಲಾಡಲಿಲ್ಲ. ಮತ್ತೊಂದು ಹರವಿದ. ಗೊಂಬೆಯಾದರೂ ತಲೆ ಆಡಿಸೀತು. ಕರೀ ಚಸ್ಮಾದೊಳಗಿಂದ ದಾಳಿಂಬರಿಯೂ ಒಂದೇ, ನವಿಲ ಬಣ್ಣವೂ ಒಂದೇ, ಹಾಗಾಗಿ ನನ್ನ ಕಿವಿಯಲ್ಲಿ, "ಇದು ಯಾವ ಬಣ್ಣೋ?" ಎಂದು ಕೇಳುವಳು. ಬಣ್ಣ ನೋಡಿ ಹೇಳಬೇಕಾದವನು ನಾನು, ನನಗೆ ಚಸ್ಮಾ ಇಲ್ಲ. ಅಂಗಡಿಯಾತ ಸ್ವಲ್ಪ ಹೊತ್ತಿಗೆ ಅವಳನ್ನು ಬಿಟ್ಟು ನನ್ನ ಮುಖವನ್ನೇ ನೋಡತೊಡಗಿದ. ಅದಕ್ಕೂ ನಾನೇ ಬೈಸಿಕೊಂಡೆ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ವಿದ್ಯೆ ತೆಗೆದೆ. ಶಿಕಾಗೋದ ಎಕ್‌ಹಾರ್ಡ್ ಹೆಸ್ ಎಂಬ ಮನೋವಿಜ್ಞಾನಿ ಒಂದು ರಾತ್ರಿ ಹಾಸಿಗೆಯಲ್ಲಿ ಪ್ರಾಣಿಗಳ ಚಿತ್ರದ ಪುಸ್ತಕ ತಿರುವುತ್ತಿದ್ದಾಗ, ಅವನ ಪಾಪೆ ಇಷ್ಟು ದೊಡ್ಡದಾಗಿದೆಯೆಂದರೆ ದೀಪ ಮಂದವಿರಬೇಕು ಎಂದಳಂತೆ ಹೆಂಡತಿ. ದೀಪ ಸರಿಯಾಗಿಯೇ ಇತ್ತು. ಅಲ್ಲಿಂದ ಹಿಡಿದು 1960ರಲ್ಲಿ ಸಂಶೋಧನೆಯನ್ನೇ ಪ್ರಕಟಿಸಿದ. 1964ರಲ್ಲಿ ಬಾಯಿಲೆಕ್ಕ ಮಾಡಿಸಿದರೂ ಪಾಪೆ ಅರಳುವುದು ಕಂಡಿತು. ಬೇಡವಾದದ್ದನ್ನು ಕಂಡರೆ ಅದು ಮುದುಡುತ್ತದೆ ಎಂದೂ ಹೇಳಿದ್ದ. ಆ ಮಾತು ಮಾತ್ರ ನಿಲ್ಲಲಿಲ್ಲ, ಹೆದರಿಕೆ ಹುಟ್ಟಿಸುವ ಚಿತ್ರಕ್ಕೂ ಪಾಪೆ ಅರಳುತ್ತದೆಂದು ಆಮೇಲಿನವರು ತೋರಿಸಿದರು. ಅಂದರೆ ರೇಟು ಕೇಳಿ ಎದೆ ಧಸಕ್ಕೆಂದರೂ, ಎಷ್ಟು ಕಡಿಮೆ ಕೇಳಲಿ ಎಂದು ಲೆಕ್ಕ ಹಾಕಿದರೂ ಕಣ್ಣು ಹಾಗೇ ಕಾಣುವುದು. ಚಸ್ಮಾ ಯಾಕೆ ಬೇಕು?

ಚಿಗವ್ವ ಚಸ್ಮಾ ತೆಗೆಯದೆಯೇ ಎಲ್ಲ ಕೇಳಿಸಿಕೊಂಡಳು. ಅಮೀನಗಡ ದಾಟಿದ ಮೇಲೆ ಅಂದಳು: "ಆ ಸಾಹೇಬ ಹಾಸಿಗ್ಯಾಗ ಬಿದ್ಕೊಂಡು ಚಿತ್ರ ನೋಡ್ಯಾನ. ಸೀರಿ ವ್ಯಾಪಾರ ಮಾಡಿಲ್ಲ ಬಿಡು."