ಭತ್ಯೆ ಹೋದರೆ ಸಂಬಳವೇ ಹೋದಂತೆ

ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಅಕ್ಕಪಕ್ಕ, ಹೌನ್ಸ್ಲೋ, ಫೆಲ್ಟಮ್ ಕಡೆ ಮನೆ ಮಾಡಿಕೊಂಡಿರುವ ನಮ್ಮಂಥವರಿಗೆ ವಿಮಾನದ ಕ್ಯಾಬಿನ್ ಸಿಬ್ಬಂದಿ ಎಂದರೆ ನೆರೆಹೊರೆಯವರು. ಅವರೊಡನೆ ಮಾತಿಗೆ ನಿಂತರೆ ಮುಂದಿನ ತಿಂಗಳ ರೋಸ್ಟರ್, ಅಂದರೆ ಕೆಲಸದ ಪಟ್ಟಿಯ ಸುದ್ದಿ ಬಾರದೆ ಇರುವುದಿಲ್ಲ. ಯಾವ ಊರಿಗೆ ಹೋಗಿ ಬರುತ್ತಾರೆ ಎಂಬುದರ ಮೇಲೆಯೇ ಆ ತಿಂಗಳ ಆದಾಯ ನಿಂತಿರುವುದು ಅದಕ್ಕೆ ಕಾರಣ. ಮೂಲವೇತನ ಚಿಕ್ಕದು. ಹಾರಾಟದ ಗಂಟೆಗಳಿಗೆ, ಪರಊರಿನಲ್ಲಿ ತಂಗುವ ರಾತ್ರಿಗಳಿಗೆ ಸಿಗುವ ಭತ್ಯೆ ಸೇರಿದಾಗಲೇ ಮನೆ ಕಂತು ಕಟ್ಟುವಷ್ಟು ಹಣ ಕೈಗೆ ಬರುತ್ತದೆ.

ಹೀಗಾಗಿ ಅವರ ಸಂಬಳ ಕಡಿತಕ್ಕೆ ಸಂಬಳ ಕಡಿತವೆಂಬ ಹೆಸರೇ ಇರುವುದಿಲ್ಲ. ದೂರದ ಮಾರ್ಗವನ್ನು ಬೇರೆಯವರಿಗೆ ಕೊಟ್ಟರೆ ಸಾಕು. 2009ರಿಂದ 2011ರವರೆಗೆ ಎಳೆದ ಬ್ರಿಟಿಷ್ ಏರ್‌ವೇಸ್ ವಿವಾದದ ಒಡಲಿನಲ್ಲಿ ಇದ್ದದ್ದು ಇದೇ ಭಯ. ದೂರದ ವಿಮಾನಗಳಲ್ಲಿ ಸಿಬ್ಬಂದಿಯ ಸಂಖ್ಯೆಯನ್ನು 15ರಿಂದ 14ಕ್ಕೆ ಇಳಿಸಿದ್ದು, ವೇತನ ಏರಿಕೆಯನ್ನು ತಡೆಹಿಡಿದದ್ದು ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಆದರೆ ಹಳಬರ ನಿದ್ದೆ ಕೆಡಿಸಿದ್ದು, ಕಡಿಮೆ ವೇತನಕ್ಕೆ ಹೊಸಬರನ್ನು ಸೇರಿಸಿಕೊಂಡು ಪ್ರತ್ಯೇಕ ತಂಡ ಕಟ್ಟುವ ಯೋಜನೆ. ಒಳ್ಳೆಯ ಭತ್ಯೆ ತರುವ ಮಾರ್ಗಗಳು ಒಂದೊಂದಾಗಿ ಆ ತಂಡಕ್ಕೆ ಹೋದರೆ, ಮೂಲವೇತನಕ್ಕೆ ಕೈ ಹಚ್ಚದೆಯೇ ಹಳಬರ ಆದಾಯ ಕರಗುತ್ತಿತ್ತು.

ಕಂಪನಿಯೂ ನಷ್ಟದಲ್ಲಿತ್ತು, ಅದು ಸುಳ್ಳಲ್ಲ. 2008-09ರಲ್ಲಿ 40 ಕೋಟಿ ಪೌಂಡ್‌ಗೂ ಮೀರಿದ ನಷ್ಟ. ಒಂದು ತಿಂಗಳು ಸಂಬಳವಿಲ್ಲದೆ ದುಡಿಯಿರಿ ಎಂದು ಸಿಬ್ಬಂದಿಯನ್ನು ಕೇಳಿಕೊಂಡ ಮುಖ್ಯಸ್ಥ ವಿಲ್ಲಿ ವಾಲ್ಶ್ ತಾವೂ ಆ ತಿಂಗಳ ಸಂಬಳ ಬಿಟ್ಟರು. ಆದರೆ ವರ್ಷಕ್ಕೆ ಲಕ್ಷಗಟ್ಟಲೆ ಪೌಂಡ್ ಎಣಿಸುವವರು ಒಂದು ತಿಂಗಳು ಬಿಡುವುದೂ ತಿಂಗಳ ಕೊನೆಗೆ ಬಾಡಿಗೆ ಹೊಂದಿಸುವವರು ಬಿಡುವುದೂ ಒಂದೇ ತ್ಯಾಗವೆಂದು ನಾನು ಒಪ್ಪಲಾರೆ.

2009ರ ಡಿಸೆಂಬರ್‌ನಲ್ಲಿ ಮತ ಹಾಕಿದ ಸಿಬ್ಬಂದಿಯಲ್ಲಿ ಶೇ 92.5ರಷ್ಟು ಮಂದಿ ಕ್ರಿಸ್ಮಸ್ ಹೊತ್ತಿನ ಮುಷ್ಕರಕ್ಕೆ ಒಪ್ಪಿದರು. ಸಂಸ್ಥೆ ಬಿಟ್ಟು ಹೊರಟವರಿಗೂ ಮತಪತ್ರ ಹೋಗಿತ್ತು ಎಂಬ ಕಾರಣಕ್ಕೆ ಹೈಕೋರ್ಟ್ ಆ ಕ್ರಿಸ್ಮಸ್ ಮುಷ್ಕರವನ್ನೇ ತಡೆಯಿತು. ಮತ್ತೆ ಮತದಾನ ನಡೆಸಿ, 2010ರ ಮಾರ್ಚ್‌ನಿಂದ ಜೂನ್‌ವರೆಗೆ ಬಿಡಿಬಿಡಿಯಾಗಿ 22 ದಿನ ಮುಷ್ಕರ ಹೂಡಿದರು. ಆ ದಿನಗಳ ಸಂಬಳ ಹೋಗುವುದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಆದರೆ ಮುಷ್ಕರಕ್ಕೆ ಇಳಿದವರ ರಿಯಾಯಿತಿ ವಿಮಾನ ಟಿಕೆಟ್ ಸೌಲಭ್ಯವನ್ನೂ ಕಂಪನಿ ಕಿತ್ತುಕೊಂಡಿತು. ಸ್ಕಾಟ್ಲೆಂಡಿನಲ್ಲಿಯೋ ಫ್ರಾನ್ಸಿನಲ್ಲಿಯೋ ಸಂಸಾರ ಇಟ್ಟುಕೊಂಡು ಆ ಟಿಕೆಟ್ಟಿನಲ್ಲೇ ಕೆಲಸಕ್ಕೆ ಬರುತ್ತಿದ್ದವರಿಗೆ ಅದು ಸಂಬಳ ಕಡಿತಕ್ಕಿಂತ ದೊಡ್ಡ ಏಟು. ಸೌಲಭ್ಯ ಮರಳಿ ಬರಲು 2011ರ ಒಪ್ಪಂದದವರೆಗೆ ಕಾಯಬೇಕಾಯಿತು. ನನ್ನ ದೃಷ್ಟಿಯಲ್ಲಿ ಅದು ಶುದ್ಧ ಸೇಡು.

ಇಷ್ಟಿದ್ದರೂ ಇಲ್ಲಿ ಒಂದು ಧೈರ್ಯವಿತ್ತು. ಕ್ರಮಬದ್ಧ ಮತದಾನದ ನಂತರ ಮುಷ್ಕರ ಹೂಡಿದವರನ್ನು ಆ ಕಾರಣಕ್ಕೆ ಮೊದಲ 12 ವಾರ ಕೆಲಸದಿಂದ ತೆಗೆಯುವುದು ಆಗಿನ ಕಾನೂನಿನಲ್ಲಿ ಅನ್ಯಾಯದ ವಜಾ ಎನಿಸುತ್ತಿತ್ತು. ದುಡಿದ ದಿನಗಳ ಹಣವನ್ನಂತೂ ಯಾರೂ ಒತ್ತೆ ಇಟ್ಟುಕೊಳ್ಳಲಿಲ್ಲ.

ನಮ್ಮ ಕಡೆ ನೆನೆದಾಗ ಸಂಕಟವಾಗುವುದು ಇಲ್ಲಿಯೇ. 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು ಆರನೇ ವೇತನ ಆಯೋಗದ ಸಂಬಳ ಕೇಳಿ ಮುಷ್ಕರಕ್ಕೆ ಇಳಿದಾಗ, ಅದಕ್ಕೂ ಮುಂಚೆ ದುಡಿದ ಮಾರ್ಚ್ ತಿಂಗಳ ಸಂಬಳವೇ ಯುಗಾದಿಗೆ ಕೈಸೇರಲಿಲ್ಲ. ಹೆಂಡತಿ ಮಕ್ಕಳು ತಟ್ಟೆ ಲೋಟ ಬಡಿಯುತ್ತಾ ಬೀದಿಗೆ ಬಂದರು. ಬೆಂಗಳೂರನ್ನೇ ಕೇಂದ್ರ ಮಾಡಿಕೊಂಡಿದ್ದ ಕಿಂಗ್‌ಫಿಶರ್‌ನಲ್ಲಿ ಇನ್ನೂ ಘೋರ. ತಿಂಗಳುಗಟ್ಟಲೆ ಸಂಬಳ ಕಾಣದ ಎಂಜಿನಿಯರುಗಳು ಕೆಲಸ ನಿಲ್ಲಿಸಿದರೆ, ಸಂಸ್ಥೆ ಬೀಗಮುದ್ರೆ ಘೋಷಿಸಿತು. 2012ರ ಅಕ್ಟೋಬರ್‌ನಲ್ಲಿ ಅದರ ಹಾರಾಟದ ಪರವಾನಗಿಯೇ ಅಮಾನತಾಯಿತು. ಅಲ್ಲಿ ಮುಷ್ಕರ ಮಾಡಿದ್ದಕ್ಕೆ ಸಂಬಳ ಹೋದದ್ದಲ್ಲ, ಸಂಬಳ ಹೋದದ್ದಕ್ಕೆ ಮುಷ್ಕರ ನಡೆದದ್ದು.

ಹಾಗೆಂದು ಇಂಗ್ಲೆಂಡಿನದೆಲ್ಲ ಮೇಲು ಎನ್ನಲು ನನಗೆ ಮನಸ್ಸಿಲ್ಲ. 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಕ್ಯಾಬಿನ್ ಸಿಬ್ಬಂದಿ ಸಾಮೂಹಿಕವಾಗಿ ಅನಾರೋಗ್ಯ ರಜೆ ಹಾಕಿದಾಗ 25 ಮಂದಿಗೆ ವಜಾ ಪತ್ರ ಹೋಯಿತು. ಹಿಂದಿನ ಏರ್‌ಏಷ್ಯಾ ಇಂಡಿಯಾ ಜೊತೆಗಿನ ವಿಲೀನದ ಹೊತ್ತಿನಲ್ಲಿ ಸಂಬಳದ ಸ್ವರೂಪ ಬದಲಾದದ್ದೂ ಅವರ ದೂರುಗಳಲ್ಲಿ ಒಂದು. ದೆಹಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರು ಎರಡೂ ಕಡೆಯವರನ್ನು ಕೂರಿಸಿಕೊಂಡರು, ಮೇ 9ರಂದೇ ವಜಾ ವಾಪಸಾಯಿತು. ಬ್ರಿಟನ್ನಿನ ಸಂಧಾನ ಸಂಸ್ಥೆ ಏಕಾಸ್ ಎಷ್ಟು ಸಲ ಮಾತುಕತೆಗೆ ಕೂರಿಸಿದರೂ ಬ್ರಿಟಿಷ್ ಏರ್‌ವೇಸ್ ಜಗಳ ವರ್ಷ ದಾಟಿ ಹೋಗಿತ್ತು. ಸರ್ಕಾರಿ ಅಧಿಕಾರಿಯೊಬ್ಬರು ಕರೆದರೆ ಮಾಲೀಕರು ಬರಲೇಬೇಕು ಎಂಬ ನಮ್ಮ ರೂಢಿ ಉಳಿಯಬೇಕು. ಆದರೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ, ಅರ್ಧಕ್ಕರ್ಧ ನೌಕರರು ಒಟ್ಟಿಗೆ ಸಾಂದರ್ಭಿಕ ರಜೆ ಹಾಕುವುದನ್ನೂ ಮುಷ್ಕರವೆಂದೇ ಎಣಿಸುತ್ತದೆ, ಮುಷ್ಕರಕ್ಕೆ 14 ದಿನಗಳ ನೋಟಿಸ್ ಬೇಡುತ್ತದೆ. ದುಡಿಯುವವರ ಮೇಲೆ ಇಷ್ಟು ಷರತ್ತು ಹೊರಿಸಿದ ಮೇಲೆ, ಮುಷ್ಕರದ ದಿನದ ಹೊರತು ಬೇರಾವ ಹಣ, ಸೌಲಭ್ಯವನ್ನೂ ಮುಟ್ಟುವಂತಿಲ್ಲ ಎಂದು ಮಾಲೀಕರಿಗೂ ಅಷ್ಟೇ ಖಡಾಖಂಡಿತವಾಗಿ ಹೇಳಬೇಕು.

ಮಂಗಳೂರು, ಬೆಂಗಳೂರುಗಳಿಂದ ಈ ವೃತ್ತಿಗೆ ಬರುವ ಹುಡುಗಿಯರು, ಹುಡುಗರು ನೇಮಕಾತಿ ಪತ್ರದ ಒಟ್ಟು ಮೊತ್ತ ನೋಡಿ ಸಹಿ ಹಾಕಬೇಡಿ. ಒಂದು ತಿಂಗಳು ವಿಮಾನ ಹತ್ತದೆ ಕೂತರೂ ಖಚಿತವಾಗಿ ಬರುವ ಹಣವೆಷ್ಟು ಎಂದು ಕೇಳಿ, ಅದನ್ನು ಬರಹದಲ್ಲಿ ಪಡೆಯಿರಿ. ಮನೆ ಬಾಡಿಗೆಯನ್ನೂ ಸಾಲದ ಕಂತನ್ನೂ ಆ ಮೊತ್ತದೊಳಗೆ ಇಟ್ಟುಕೊಳ್ಳಿ.